ತಟ್ಟೆಯಲ್ಲಿರುವ ಮೊಟ್ಟೆ ಯಾರದು?

ಧರ್ಮಕಾರ್ಯವನ್ನೂ ಹಣ ಕೂಡಿಸುವದನ್ನೂ ಕುರಿತು ಚಿಕ್ಕ ಮಕ್ಕಳಿಗೆ ಒಂದು ಪಾಠ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿರುವವು. ಈ ಸೀಮೆಯ ಹಳ್ಳಿಗಳಲ್ಲಿ ಕಿರಿಯ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರನ್ನೂ, ಸಂಜೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬುದ್ಧಿ ಹೇಳುವ ತಾಯಿತಂದೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳಿನ ಪಾಠವನ್ನು ಬರೆದಿದೆ. ಮೂರನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಇದು ತಕ್ಕದ್ದು. ಒಂದೇ ದಿನದಲ್ಲಿ ಮುಗಿಸಬೇಕೆಂದು ಅವಸರಪಡಬಾರದು.

ಸಾಧಾರಣವಾಗಿ ನಮ್ಮ ಶಾಲೆಗಳಲ್ಲಿ ಈ ಪಾಠವು ಒಂದು ಕಾಗದದ ಧ್ವಜದೊಡನೆ ಮುಗಿದುಹೋಗುವದು. ೧೯೪೯ರಿಂದ ಪ್ರತಿ ವರುಷ ಡಿಸೆಂಬರ್ ೭ನೆಯ ತಾರೀಖು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸಲ್ಪಡುತ್ತಾ ಬಂದಿದೆ. ಮಗುವು ಮನೆಯಿಂದ ನಾಣ್ಯವನ್ನು ತರುವದು, ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುವದು, ಸಾಯಂಕಾಲದೊಳಗೆ ಅದು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗುವದು. ಆ ನಾಣ್ಯವು ಎಲ್ಲಿಗೆ ಹೋಯಿತೆಂದು ಕೇಳಿದರೆ ಹತ್ತರಲ್ಲಿ ಒಂಭತ್ತು ಮಕ್ಕಳು, "ಮೇಷ್ಟ್ರ ಹತ್ತಿರ" ಎಂದೇ ಹೇಳಾರು. ಕಾದಾಟದಲ್ಲಿ ಗಾಯಗೊಂಡವರಿಗೂ, ಮಡಿದ ಸೈನಿಕರ ಹೆಂಡತಿ ಮಕ್ಕಳಿಗೂ, ಮಾಜಿ ಸೈನಿಕರ ಸಂಸಾರಗಳಿಗೂ ಅದು ಸಲ್ಲತಕ್ಕದ್ದೆಂದು ಹೇಳಿಕೊಡುವದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನೇ ನಾವು ಉಳಿಸಿಕೊಂಡುಬಿಡುತ್ತೇವೆ.

ಆದಕಾರಣ ಪಾಠವನ್ನು ಕೊಡುವ ಕಡೆಯಿಂದ ಆರಂಭಿಸದೆ ಪಡೆಯುವ ಕಡೆಯಿಂದ ಆರಂಭಿಸುವದು ಒಳ್ಳೇದು. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳನ್ನು ನೆರಳಿನಲ್ಲಿ ಕೂರಿಸಿ ಉಪಾಧ್ಯಾಯನು ಕೇಳಲಿ: "ಈ ದಿನ ನೀವು ತಿಂದ ಮೊಟ್ಟೆಯನ್ನು ಕೊಟ್ಟವರು ಯಾರು?"

"ಅಡುಗೆ ಅಮ್ಮ ಕೊಟ್ಟರು, ಮೇಷ್ಟ್ರೇ" ಎಂದು ಒಂದು ಮಗು ಹೇಳುವದು. "ಸರ್ಕಾರದವರು" ಎಂದು ಮತ್ತೊಂದು ಹೇಳುವದು. "ಕೋಳಿ!" ಎಂದು ಹಿಂದಿನ ಸಾಲಿನ ತುಂಟನು ಕೂಗುವನು. ಅವನನ್ನು ಗದರಿಸಬೇಡಿರಿ, ಅವನು ಹೇಳಿದ್ದು ಸುಳ್ಳಲ್ಲ.

ಈಗ ಉಪಾಧ್ಯಾಯನು ಬಿಡಿಸಿ ಹೇಳತಕ್ಕದ್ದೇನಂದರೆ: ಅನ್ನವೂ ಸಾರೂ ಒಂದು ದಾರಿಯಿಂದ ಬಂದವು. ೨೦೦೧ನೆಯ ಇಸವಿ ನವೆಂಬರ್ ೨೮ರಂದು ದೇಶದ ಸರ್ವೋಚ್ಚ ನ್ಯಾಯಾಲಯವು, ಸರ್ಕಾರೀ ಪ್ರಾಥಮಿಕ ಶಾಲೆಗಳ ಎಲ್ಲಾ ಮಕ್ಕಳಿಗೂ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಅದು ೨೦೦೨ರಲ್ಲಿ ಬಡಗಣ ಜಿಲ್ಲೆಗಳಲ್ಲಿ ಪ್ರಾರಂಭವಾಗಿ ಮರುವರುಷ ಮಿಕ್ಕ ಜಿಲ್ಲೆಗಳಿಗೂ ಬಂತು. ಇದಕ್ಕೆ ತಗಲುವ ಹಣವು ತೆರಿಗೆಯ ಹಣ. ತೆರಿಗೆಯನ್ನು ಸಾಹುಕಾರರು ಮಾತ್ರ ಕೊಡುತ್ತಾರೆಂದು ಮಕ್ಕಳು ತಿಳಿಯಬಾರದು. ಕೂಲಿಮಾಡುವ ತಾಯಿಯು ಅಂಗಡಿಯಲ್ಲಿ ಸಾಬೂನನ್ನು ಕೊಳ್ಳುವಾಗ ಅದರ ಬೆಲೆಯೊಳಗೆ ತೆರಿಗೆಯೂ ಸೇರಿರುವದು. ಹೀಗಿರಲಾಗಿ ಆ ಅನ್ನವು ಭಿಕ್ಷವಲ್ಲ, ಹಕ್ಕು.

ಮೊಟ್ಟೆಯ ಸಂಗತಿಯಾದರೋ ಬೇರೆ. ವಾರಕ್ಕೆ ಎರಡು ದಿನದ ಮೊಟ್ಟೆಯನ್ನು ಸರ್ಕಾರವೇ ಕೊಡುತ್ತಿತ್ತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಉಳಿದ ನಾಲ್ಕು ದಿನಗಳ ವೆಚ್ಚವನ್ನು ಮೂರು ವರುಷಗಳ ಮಟ್ಟಿಗೆ ತಾನು ಹೊರುವದಾಗಿ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಅದರ ಮೊತ್ತವು ಸುಮಾರು ೧,೫೦೦ ಕೋಟಿ ರೂಪಾಯಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ. ವಿಪ್ರೋ ಕಂಪನಿಯನ್ನು ಬೆಳೆಸಿದ ಒಬ್ಬ ಮನುಷ್ಯನು ತನ್ನ ಆಸ್ತಿಯ ಬಹುಭಾಗವನ್ನು ಈ ಪ್ರತಿಷ್ಠಾನಕ್ಕೆ ಬರೆದುಕೊಟ್ಟದ್ದರಿಂದ ಇದು ಸಾಧ್ಯವಾಯಿತು. ಇಂಥಾದ್ದನ್ನು ದಾನವೆನ್ನುವೆವು, ಕೊಡಲೇಬೇಕೆಂದು ಯಾರೂ ಅವರನ್ನು ಕಟ್ಟುಮಾಡಿರಲಿಲ್ಲ. ಒಂದೇ ತಟ್ಟೆಯಲ್ಲಿ ಹಕ್ಕೂ ದಾನವೂ ಕೂಡಿ ಬಂದಿರುವದನ್ನು ಕಂಡ ಮಗುವು ಎರಡನ್ನೂ ಬೇರೆಮಾಡಿ ತಿಳಿಯುವದು. ಹಕ್ಕನ್ನು ಕೇಳುವದಕ್ಕೆ ನಾಚಬೇಕಾಗಿಲ್ಲ. ದಾನವನ್ನು ಪಡೆಯುವದಕ್ಕೂ ನಾಚಬೇಕಾಗಿಲ್ಲ. ಈ ಎರಡನೆಯ ಮಾತು ನಾಲಿಗೆಗೆ ಸುಲಭ, ತರಗತಿಯಲ್ಲಿ ನಡಿಸುವದು ಕಷ್ಟ.

ಯಾಕಂದರೆ ನಮ್ಮ ತರಗತಿಯಲ್ಲಿ ಕೊಡುವ ಮನೆಯ ಮಗುವೂ ಪಡೆಯುವ ಮನೆಯ ಮಗುವೂ ಒಂದೇ ಚಾಪೆಯ ಮೇಲೆ ಕೂತಿರುವವು. ಇದನ್ನು ಮರೆತು ನಡೆದ ಒಂದು ಸಂಗತಿಯನ್ನು ಬರೆಯುತ್ತೇನೆ. ನಾನು ಕೆಲಸಮಾಡಿದ ಒಂದು ಶಾಲೆಯಲ್ಲಿ ನೆರೆಯಿಂದ ನೊಂದವರಿಗಾಗಿ ಹಣ ಕೂಡಿಸಿದೆವು. ಮಕ್ಕಳಲ್ಲಿ ಉತ್ಸಾಹ ಹುಟ್ಟಲೆಂದು ಎಲ್ಲರ ಹೆಸರನ್ನೂ ಕರಿಹಲಗೆಯ ಮೇಲೆ ಬರೆದು, ತಂದ ಹಣವನ್ನು ಎದುರಿಗೆ ಗುರುತಿಸುತ್ತಾ ಬಂದೆವು. ಈ ಯೋಚನೆ ನನ್ನದೇ. ಮೂರನೆಯ ದಿನಕ್ಕೆ ಒಂದು ಹೆಸರಿನ ಎದುರಿಗೆ ಮಾತ್ರ ಏನೂ ಇರಲಿಲ್ಲ. ಆ ಹುಡುಗಿಯ ತಂದೆ ಕೂಲಿಗೆಂದು ಬೆಂಗಳೂರಿಗೆ ಹೋಗಿದ್ದನು. ತಾಯಿಯು ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸದಿಂದ ಮನೆ ನಡಿಸುತ್ತಿದ್ದಳು. ನಾಲ್ಕನೆಯ ದಿನ ಹುಡುಗಿ ಬರಲಿಲ್ಲ. ಐದನೆಯ ದಿನವೂ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಲಾಗಿ ತಾಯಿಯು, "ಜ್ವರ ಸ್ವಾಮಿ" ಎಂದಳು. ಮಗುವು ಬಾಗಿಲ ಹಿಂದೆ ನಿಂತು ನನ್ನನ್ನು ನೋಡುತ್ತಿತ್ತು. ಜ್ವರವಿರಲಿಲ್ಲ. ಶಾಲೆಗೆ ಹಿಂದಿರುಗಿ ಬಂದವನು ಕರಿಹಲಗೆಯನ್ನು ಒರಸಿದೆನು. ಆದರೆ ಮಕ್ಕಳು ಓದಿದ್ದನ್ನು ಒರಸುವದು ಹೇಗೆ?

ದೊಡ್ಡವರಿಗೂ ಈ ನೋವು ತಿಳಿಯದ್ದಲ್ಲ. ೨೦೨೨ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು, ಸರ್ಕಾರೀ ಶಾಲೆಗಳ ಮೇಲುಸ್ತುವಾರಿ ಸಮಿತಿಗಳು ತಾಯಿತಂದೆಗಳಿಂದ ತಿಂಗಳಿಗೆ ೧೦೦ ರೂಪಾಯಿ ದೇಣಿಗೆಯನ್ನು ಸ್ವೀಕರಿಸಬಹುದೆಂದು ಸುತ್ತೋಲೆ ಹೊರಡಿಸಿತು. ಇಷ್ಟವಿದ್ದವರು ಕೊಡಬಹುದೆಂದೇ ಅದರಲ್ಲಿ ಬರೆದಿತ್ತು. ಆದರೂ ಊರೂರಿನಲ್ಲಿ ಆಕ್ಷೇಪಣೆಯೆದ್ದು, ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮೇಲಿನವರು ಕೇಳುವಾಗ "ಇಷ್ಟವಿದ್ದರೆ" ಎಂಬ ಮಾತು ಬಡವನ ಕಿವಿಗೆ ಬೇರೆಯಾಗಿ ಕೇಳಿಸುವದೆಂಬದು ಇದರಿಂದ ಗೊತ್ತಾಗುವದು. ಮಗುವಿನ ಕಿವಿಗಂತೂ ಅದು ಕೇಳಿಸುವದೇ ಇಲ್ಲ.

ಹಾಗಾದರೆ ಹಣ ಕೂಡಿಸುವದನ್ನು ಕಲಿಸಲೇ ಕೂಡದೋ? ಕಲಿಸಬೇಕು, ಮನೆಯಿಂದ ತರಿಸುವ ಪದ್ಧತಿಯನ್ನು ಬಿಟ್ಟು, ಎಲ್ಲರ ಕೈಯೂ ಸೇರಿ ಗಳಿಸುವ ಪದ್ಧತಿಯನ್ನು ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಹೊಂಗೆಯ ಮರಗಳಿಗೆ ಕೊರತೆಯಿಲ್ಲ. ಬೇವೂ ಹುಣಿಸೆಯೂ ಉಂಟು. ಬೇಸಿಗೆಯಲ್ಲಿ ಉದುರಿದ ಹೊಂಗೆಕಾಯಿಯನ್ನು ಆಯ್ದು, ಒಣಗಿಸಿ, ಸುಲಿದು, ಬೀಜವನ್ನು ಎಣ್ಣೆಯವರಿಗೆ ಮಾರಬಹುದು. ಸಾಹುಕಾರನ ಮಗನು ಆಯ್ದ ಬೀಜವೂ ಕೂಲಿಯವಳ ಮಗಳು ಆಯ್ದ ಬೀಜವೂ ಒಂದೇ ಗೋಣಿಯಲ್ಲಿ ಬಿದ್ದ ಮೇಲೆ ಯಾರದೆಷ್ಟೆಂದು ಯಾರೂ ಹೇಳಲಾರರು. (ಎಷ್ಟೋ ವೇಳೆ ಬಡವರ ಮಕ್ಕಳೇ ಇದರಲ್ಲಿ ಚುರುಕು. ಒಳ್ಳೆಯ ಮರ ಎಲ್ಲಿದೆಯೆಂದು ತೋರಿಸುವವರೂ ಅವರೇ.) ಪಾಠದ ಹೊತ್ತಿನಲ್ಲಿ ಈ ಕೆಲಸ ಕೂಡದು, ಮರ ಹತ್ತಿಸಕೂಡದು, ದೊಡ್ಡವರೊಬ್ಬರು ಜೊತೆಯಲ್ಲಿರಬೇಕು, ತರಗೆಲೆಯ ಕೆಳಗೆ ಹಾವು ಚೇಳು ಇದ್ದಾವು. ಮಕ್ಕಳ ಕೈಗೆ ಡಬ್ಬಿ ಕೊಟ್ಟು ಬಸ್ಸಿನ ನಿಲ್ದಾಣಕ್ಕೂ ಸಂತೆಗೂ ಕಳುಹಿಸುವದಂತೂ ಎಂದಿಗೂ ತಕ್ಕದ್ದಲ್ಲ.

ಈ ಬಗೆಯ ಕೂಡಿಸುವಿಕೆಯು ಹೊಸದೇನೂ ಅಲ್ಲ. ಮಿಜೋರಾಮ್ ಬೆಟ್ಟಸೀಮೆಯ ಸಭೆಗಳಲ್ಲಿ ೧೯೧೦ರಿಂದ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಒಂದು ಹಿಡಿಯನ್ನು ಬೇರೆ ಇಡುತ್ತಾ ಬಂದಿದ್ದಾರೆ. ಆ ಹಿಡಿಯಕ್ಕಿಯೇ ಕೂಡಿ ಅವರ ಸಭೆಗಳ ಆದಾಯದ ಒಂದು ದೊಡ್ಡ ಭಾಗವಾಯಿತು. ನಮ್ಮ ಜಿಲ್ಲೆಯಲ್ಲಿಯೇ, ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವೂ ವಿದ್ಯೆಯೂ ದೊರಕುತ್ತಿರುವದನ್ನು ಎಲ್ಲರೂ ಬಲ್ಲರು. ೨೦೧೯ರ ಜನವರಿ ೨೧ರಂದು ತೀರಿಕೊಂಡ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅದು ಬೆಳೆದದ್ದು ದೊಡ್ಡ ಧನಿಕರಿಂದ ಮಾತ್ರವಲ್ಲ. ರೈತರು ಸುಗ್ಗಿಯಲ್ಲಿ ಕೊಟ್ಟ ರಾಗಿ, ಅಕ್ಕಿ, ಕಾಳುಗಳಿಂದಲೂ ಆ ಒಲೆಗಳು ಉರಿದವು. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದವರು ಕಣ್ಣಿನ ಆಸ್ಪತ್ರೆಯನ್ನು ನಡಿಸುತ್ತಾ ಬಡವರ ಕಣ್ಣಿನ ಪೊರೆಯನ್ನು ತೆಗೆಸುವದಲ್ಲದೆ, ಬರಗಾಲದಲ್ಲಿ ದನಕರುಗಳಿಗೆ ಮೇವನ್ನೂ ಹಂಚಿದ್ದಾರೆ. ಪಾವಗಡದ ಮಕ್ಕಳನ್ನು ಕೇಳಿ ನೋಡಿರಿ. ತಮ್ಮ ಅಜ್ಜಿಯ ಕಣ್ಣು ಹೇಗೆ ಬಂತೆಂದು ಯಾರಾದರೂ ಹೇಳಾರು. ಸಿರಾ ತಾಲ್ಲೂಕಿನವರಿಗೆ ಕಗ್ಗಲಡುವಿನ ಉದಾಹರಣೆಯನ್ನು ಕೊಡಬಹುದು. ಅಲ್ಲಿ ಊರೊಳಗಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡುಕಟ್ಟುವವು. ಊರಿನವರು ಅವುಗಳನ್ನು ಬೆದರಿಸದೆ ಕಾಯುವರು. ಅದಕ್ಕೆ ರಸೀದಿಯಿಲ್ಲ, ಆದರೂ ಅದು ಕೊಡುವದೇ.

ಪಡೆದವನೇ ನಾಳೆ ಕೊಡುವನೆಂಬದಕ್ಕೆ ಒಂದು ಹಳೆಯ ಚರಿತ್ರೆಯುಂಟು. ಐದನೆಯ ತರಗತಿಯವರಿಗೆ ಅದನ್ನು ಹೇಳಬಹುದು. ೧೮೬೧ರಿಂದ ಅಮೇರಿಕದಲ್ಲಿ ಯುದ್ಧ ನಡೆದು ಹತ್ತಿ ಬಾರದೆ ಹೋದದ್ದರಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಗಿರಣಿಗಳು ನಿಂತುಹೋಗಿ ಕೂಲಿಯವರು ಉಪವಾಸ ಬಿದ್ದರು. ಆಗ ನಮ್ಮ ದೇಶದ ಪಟ್ಟಣಗಳಲ್ಲಿ ಚಂದಾ ಎತ್ತಿ ಅವರಿಗೆ ಕಳುಹಿಸಿದರು. ಮುಂದೆ ೧೮೭೬ರಿಂದ ೧೮೭೮ರವರೆಗೆ ನಮ್ಮ ಸೀಮೆಗೆ ದೊಡ್ಡ ಬರಗಾಲ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ೫೦ ಲಕ್ಷಕ್ಕೂ ಮಿಕ್ಕಿದ್ದದ್ದು ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕಡಿಮೆಯಾಯಿತೆಂದರೆ ಅದು ಎಂಥಾ ಬರವೆಂದು ತಿಳಿಯಬಹುದು. ಆಗ ೧೮೭೭ರಲ್ಲಿ ಲಂಡನ್ನಿನ ಮೇಯರು ತೆರೆದ ನಿಧಿಗೆ ಅದೇ ಲ್ಯಾಂಕಷೈರಿನವರೂ ಹಣ ಕೊಟ್ಟರು. ಅವರ ಸರ್ಕಾರವು ಆ ಬರದಲ್ಲಿ ಮಾಡಿದ್ದೆಲ್ಲವೂ ಸರಿಯೆಂದು ಇದರಿಂದ ಹೇಳಿದಂತಾಗಲಿಲ್ಲ. ಕೂಲಿಗೆ ಹಾಕುವ ಕಾಳನ್ನು ಜಿಪುಣತನದಿಂದ ಅಳೆದದ್ದೂ ನಡೆದೇ ಇತ್ತು. ದಾನವು ರಾಜ್ಯದ ಕರ್ತವ್ಯಕ್ಕೆ ಬದಲಾಗಲಾರದೆಂಬದು ಮೊಟ್ಟೆಯ ಪಾಠದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಇನ್ನು ಲೆಕ್ಕದ ಮಾತು. ಈ ಪಾಠದಲ್ಲಿ ಉಪಾಧ್ಯಾಯರು ಅತಿ ಬೇಗ ಬಿಟ್ಟುಬಿಡುವ ಭಾಗವು ಇದೇ. ಒಂದು ತರಗತಿಯ ಮಕ್ಕಳು ೪೦ ಕಿಲೋ ಹೊಂಗೆಬೀಜ ಕೂಡಿಸಿದರೆಂದೂ ಕಿಲೋವಿಗೆ ೩೦ ರೂಪಾಯಿ ಬಂತೆಂದೂ ಇಟ್ಟುಕೊಳ್ಳೋಣ. ಬಂದದ್ದು ೧,೨೦೦ ರೂಪಾಯಿ. ಗೋಣಿಚೀಲಕ್ಕೆ ೬೦, ಆಟೋವಿಗೆ ೧೦೦ ಖರ್ಚಾಯಿತು. ಉಳಿದದ್ದು ೧,೦೪೦. ಈ ನಾಲ್ಕು ಸಂಖ್ಯೆಗಳನ್ನೂ ಮಕ್ಕಳೇ ಬರೆಯಲಿ. ಹಣವನ್ನು ಉಪಾಧ್ಯಾಯನು ಒಬ್ಬನೇ ಎಣಿಸದೆ, ಇಬ್ಬರು ಮಕ್ಕಳನ್ನೂ ಸಮಿತಿಯವರೊಬ್ಬರನ್ನೂ ಕೂರಿಸಿಕೊಂಡು ಎಣಿಸಲಿ. ಮಕ್ಕಳಿಗೆ ನಂಬಿಕೆಯಿಲ್ಲವೆಂದಲ್ಲ, ಬೇರೆಯವರ ಹಣವನ್ನು ಮುಟ್ಟುವವರು ಹೀಗೆಯೇ ಮುಟ್ಟಬೇಕೆಂದು ಅವರು ಕಣ್ಣಾರೆ ಕಾಣಬೇಕು. ಬಳಿಕ ಅದನ್ನು ಯಾರಿಗೆ ಕೊಡಬೇಕೆಂದು ಮಕ್ಕಳೇ ಆಲೋಚಿಸಲಿ. ಒಬ್ಬನು ಕುರುಡು ಮುದುಕನ ಹೆಸರು ಹೇಳಿಯಾನು, ಒಬ್ಬಳು ಬೀದಿನಾಯಿಗಳ ಮಾತೆತ್ತಿಯಾಳು, ಎರಡನ್ನೂ ಕೇಳಿರಿ. ಪಡೆಯತಕ್ಕವರಿಗೆ ಏನು ಬೇಕೆಂದು ಅವರನ್ನೇ ಮರೆಯಲ್ಲಿ ವಿಚಾರಿಸಿ ಬರುವದು ದೊಡ್ಡವರ ಕೆಲಸ. ಕೊಡುವಾಗ ಪಡೆಯುವವರನ್ನು ನಿಲ್ಲಿಸಿ ಫೋಟೋ ತೆಗೆಯುವ ರೂಢಿಯನ್ನು ಶಾಲೆಯೊಳಗೆ ಬಿಡಬೇಡಿರಿ.

ಹಣ ಕೇಳಿಕೊಂಡು ಬಂದವರನ್ನು ಪ್ರಶ್ನಿಸುವದನ್ನೂ ಕಲಿಸಬೇಕು. ನಿಮ್ಮ ಸಂಘದ ಹೆಸರೇನು? ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆಯೋ, ಟ್ರಸ್ಟಾಗಿಯೋ ನೋಂದಾಯಿಸಿದೆಯೋ? ರಸೀದಿ ಕೊಡುವಿರೋ? ಹೋದ ವರುಷದ ಲೆಕ್ಕವನ್ನು ಎಲ್ಲಿ ನೋಡಬಹುದು? ಸಜ್ಜನರು ಈ ಪ್ರಶ್ನೆಗಳಿಗೆ ಸಿಟ್ಟಾಗರು. ಈ ಕಾಲದಲ್ಲಿ ರೋಗಿಯಾದ ಮಗುವಿನ ಚಿತ್ರವೂ ಹಣ ಕಳುಹಿಸುವ ಗುರುತೂ ತಾಯಿಯ ಫೋನಿಗೇ ಬಂದು ಬೀಳುವವು. ಅದನ್ನು ನೂರು ಮಂದಿಗೆ ದಾಟಿಸುವದಕ್ಕೆ ಮುಂಚೆ, ಆ ಮಗುವು ಯಾವ ಊರಿನದು, ಯಾವ ಆಸ್ಪತ್ರೆಯಲ್ಲಿದೆ, ಚಿತ್ರವು ಯಾವ ವರುಷದ್ದು ಎಂದು ದೊಡ್ಡವರ ಸಹಾಯದಿಂದ ವಿಚಾರಿಸಬೇಕು. ಮರುಕವೂ ವಿಚಾರಣೆಯೂ ಒಂದಕ್ಕೊಂದು ವೈರಿಗಳಲ್ಲವೆಂದು ಈ ವಯಸ್ಸಿನಲ್ಲಿ ಕಲಿತವರು ಮುಂದೆ ಮೋಸಹೋಗುವದು ಕಡಿಮೆ.

ನನ್ನ ಹುಡುಗಿಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆನು. ಅವಳು ಏಳನೆಯ ದಿನ ಬಂದಳು. ಮುಂದಿನ ಬೇಸಿಗೆಯಲ್ಲಿ ಹೊಂಗೆಯ ಕೆಲಸವನ್ನು ಮೊದಲು ಮಾಡಿದಾಗ ಬೀಜವನ್ನು ಅಳೆದು ಗೋಣಿಗೆ ಹಾಕುವದಕ್ಕೆ ಅವಳನ್ನು ನಿಲ್ಲಿಸಿದೆವು. ತಾಯಿಯ ಜೊತೆ ಹುಣಿಸೆಬೀಜ ಅಳೆದು ಅವಳ ಕೈಗೆ ಅಭ್ಯಾಸವಿತ್ತು. ಆ ದಿನ ಲೆಕ್ಕದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಅವಳೇ ತೋರಿಸಿದಳು.

ತರಗತಿಯಲ್ಲಿ ಕೇಳತಕ್ಕ ಪ್ರಶ್ನೆಗಳು: ನಿಮ್ಮ ಊರಿನಲ್ಲಿ ಎಲ್ಲರೂ ಸೇರಿ ಕಟ್ಟಿದ್ದು ಏನಿದೆ? ಶಾಲೆಯಲ್ಲಿ ನಿಮಗೆ ದೊರೆಯುವವುಗಳಲ್ಲಿ ಹಕ್ಕಿನಿಂದ ಬಂದದ್ದು ಯಾವದು, ದಾನದಿಂದ ಬಂದದ್ದು ಯಾವದು? ಹಣವಿಲ್ಲದವನು ಕೊಡಬಹುದಾದ ಮೂರು ವಸ್ತುಗಳನ್ನು ಹೇಳಿರಿ. ೧,೦೪೦ ರೂಪಾಯಿಯಲ್ಲಿ ೬೫೦ನ್ನು ಖರ್ಚುಮಾಡಿದರೆ ಉಳಿದದ್ದನ್ನು ಯಾರು ಇಟ್ಟುಕೊಳ್ಳಬೇಕು, ಅದು ಯಾರಿಗೆ ಗೊತ್ತಿರಬೇಕು?