ಬಣ್ಣದ ಮೇಲೆ ಬಣ್ಣವಿಲ್ಲದ ಲೇಪ

ಗೋಕಾಕವೆಂದೊಡನೆ ಕೆಲವರಿಗೆ ಜಲಪಾತವು ನೆನಪಾಗುವುದು, ಕೆಲವರಿಗೆ ಕರದಂಟು, ಇನ್ನು ಕೆಲವರಿಗೆ ಬಣ್ಣದ ಗೊಂಬೆ. ನಿಜವಾದ ಹಣ್ಣೆಂದು ಭ್ರಮಿಸಿ ಕೈಚಾಚುವಂತೆ ಬಣ್ಣ ಬಳಿದ ಗೊಂಬೆಗಳಿಗೆ ಆ ಊರು ಹೆಸರಾದುದು. ಆದರೆ ಈಗ ಅಲ್ಲಿಗೆ ಸಮೀಪದ ಕೊಣ್ಣೂರಿನಂಥ ಊರುಗಳಲ್ಲಿಯೂ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ಕಿನ ಆಟಿಕೆ. ಅದರಲ್ಲಿಯೂ ಸ್ಪಂಜಿನ ಗುಂಡು ಹಾರಿಸುವ ಬಂದೂಕು. ಕೈಚಳಕವುಳ್ಳ ವಿದ್ಯಾರ್ಥಿಯೊಬ್ಬನು ಅದಕ್ಕೆ ತನ್ನ ಇಷ್ಟದ ಬಣ್ಣ ಬಳಿಯುವನು. ವಾರದೊಳಗೆ ಹಿಡಿಯ ಬಳಿ ಬಣ್ಣವು ಏಳುವುದು. ಗಟ್ಟಿಯಾದ ತಿಳಿ ವಾರ್ನಿಶ್ ಹಚ್ಚಿದರೆ ಸರಿಹೋದೀತೆಂದು ಹಚ್ಚುವನು. ಈ ಸಲ ಬಣ್ಣವು ವಾರ್ನಿಶ್ ಸಮೇತ ದೊಡ್ಡ ಹಾಳೆಯಾಗಿಯೇ ಕಿತ್ತು ಬರುವುದು!

ಇದರಲ್ಲಿ ವಾರ್ನಿಶಿನ ತಪ್ಪೇನೂ ಇಲ್ಲ. ಮೇಲಿನ ಲೇಪವು ತನ್ನ ಕೆಳಗಿನ ಬಣ್ಣವನ್ನು ಹಿಡಿದಿರುವುದು. ಆ ಬಣ್ಣವು ಪ್ಲಾಸ್ಟಿಕ್ಕನ್ನು ಹಿಡಿದಿರಬೇಕು. ಈ ಎರಡು ಬೆಸುಗೆಗಳಲ್ಲಿ ದುರ್ಬಲವಾದುದು ಯಾವುದೋ ಅಲ್ಲಿಯೇ ಬಿರುಕು ಹುಟ್ಟುವುದು. ಕಟ್ಟಿಗೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಬಣ್ಣವು ಒಳಗಿಳಿದು ಬೇರೂರುವುದು. ಚನ್ನಪಟ್ಟಣದ ಗೊಂಬೆಗಳಲ್ಲಂತೂ ಬಣ್ಣ ಬೆರೆಸಿದ ಅರಗನ್ನೇ ತಿರುಗುವ ಮರಕ್ಕೆ ಒತ್ತಿ, ಘರ್ಷಣೆಯ ಶಾಖದಿಂದ ಕರಗಿಸಿ ಹತ್ತಿಸುವರು. ಅಲ್ಲಿ ಬಣ್ಣವೂ ಲೇಪವೂ ಒಂದೇ. ಪ್ಲಾಸ್ಟಿಕ್ಕಿನಲ್ಲಿ ಇಂಥ ಅನುಕೂಲವಿಲ್ಲ.

ಒಂದು ಹನಿ ನೀರನ್ನು ಪಾಲಿಪ್ರೊಪಿಲೀನ್ ಡಬ್ಬಿಯ ಮೇಲೆ ಬಿಟ್ಟು ನೋಡಿರಿ. ಅದು ಹರಡದೆ ಮಣಿಯಂತೆ ನಿಲ್ಲುವುದು. ನೀರಿನ ಮೇಲ್ಮೈ ಸೆಳೆತವು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಆ ಪ್ಲಾಸ್ಟಿಕ್ಕಿನದು ಸುಮಾರು 30 ಮಾತ್ರ. ಪ್ಲಾಸ್ಟಿಕ್ಕಿನ ಅಣುಗಳಿಗಿಂತ ನೀರಿನ ಅಣುಗಳಿಗೆ ತಮ್ಮತಮ್ಮೊಳಗೇ ಸೆಳೆತ ಹೆಚ್ಚು. ಬಹಳಷ್ಟು ಬಣ್ಣಗಳೂ ಇಂಥ ಮೇಲ್ಮೈಯನ್ನು ಚೆನ್ನಾಗಿ ಹಿಡಿಯಲಾರವು. ತ್ರಿಕೋನದೊಳಗೆ 5 ಎಂಬ ಅಂಕೆಯಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆಂದೇ ತಯಾರಾದ ತಳಲೇಪವಿಲ್ಲದೆ ಬಣ್ಣ ಬಳಿಯುವುದು ವ್ಯರ್ಥ ಶ್ರಮ. ಎ.ಬಿ.ಎಸ್. ಎಂಬ ಗಡುಸಾದ ಪ್ಲಾಸ್ಟಿಕ್ ಬಣ್ಣಕ್ಕೆ ಹೆಚ್ಚು ಒಗ್ಗುವುದು. ಆದರೂ ಅಚ್ಚಿನಿಂದ ಬಂದ ಜಿಡ್ಡನ್ನು ಸಾಬೂನಿನಿಂದ ತೊಳೆದು, 400ರಿಂದ 600 ಅಂಕದ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕಿ, ಹೊಳಪು ತೆಗೆಯಬೇಕು.

ತಿಳಿಲೇಪ ಹಚ್ಚುವ ಮುನ್ನ ಕೆಳಗಿನ ಬಣ್ಣವನ್ನು ಪರೀಕ್ಷಿಸುವ ಒಂದು ಉಪಾಯವುಂಟು. ಕಾರ್ಖಾನೆಗಳಲ್ಲಿಯೂ ಇದನ್ನೇ ಮಾಡುವರು. ಅದೇ ಪ್ಲಾಸ್ಟಿಕ್ಕಿನ ತುಂಡೊಂದಕ್ಕೆ ಬಣ್ಣ ಹಚ್ಚಿ ಒಣಗಿಸಿ, ಹರಿತವಾದ ಅಲಗಿನಿಂದ 2 ಮಿಲಿಮೀಟರ್ ಅಂತರದಲ್ಲಿ ಆರು ಗೆರೆಗಳನ್ನೂ ಅವಕ್ಕೆ ಅಡ್ಡಲಾಗಿ ಆರು ಗೆರೆಗಳನ್ನೂ ಕೊರೆಯಿರಿ. ಇಪ್ಪತ್ತೈದು ಚೌಕಗಳಾಗುವುವು. ಅಂಟುಪಟ್ಟಿಯನ್ನು ಒತ್ತಿ, ಸರಕ್ಕನೆ ಎಳೆಯಿರಿ. ಚೌಕಗಳು ಪಟ್ಟಿಯೊಡನೆ ಬಂದರೆ ವಾರ್ನಿಶ್ ಕೊಳ್ಳುವ ಹಣವನ್ನು ಉಳಿಸಿಕೊಳ್ಳಿರಿ.

ಬಣ್ಣವು ನಿಂತಿತೆನ್ನೋಣ. ಆಗ ಲೇಪದ ಆಯ್ಕೆ. ಸ್ಪಿರಿಟಿನಲ್ಲಿ ಕರಗಿಸಿದ ಅರಗು ಸುಲಭ, ಆದರೆ ಶಾಖಕ್ಕೆ ಮೆತ್ತಗಾಗಿ, ನೀರಿಗೆ ಬೆಳ್ಳಗಾಗುವುದು. ಎಣ್ಣೆಯ ವಾರ್ನಿಶ್ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ವರ್ಷಗಳು ಕಳೆದಂತೆ ಹಳದಿಯಾಗುವುದು. ಅತ್ಯಂತ ಬಾಳಿಕೆಯದು ಎರಡು ದ್ರವ ಬೆರೆಸುವ ಪಾಲಿಯುರೆಥೇನ್. ಅಣುಗಳು ಪರಸ್ಪರ ಹೆಣೆದುಕೊಂಡು ಬಲೆಯಾಗುವುದರಿಂದ ಅದು ಮತ್ತೆ ಕರಗದು. ಆದರೆ ಅದರ ಐಸೊಸಯನೇಟ್ ತುಂತುರನ್ನು ಉಸಿರಾಡಿದರೆ ಅಸ್ತಮಾ ಉಂಟಾಗಬಹುದು. ಅದು ಮನೆಯ ಪಡಸಾಲೆಯಲ್ಲಿ ಮಾಡುವ ಕೆಲಸವೇ ಅಲ್ಲ. ವಿದ್ಯಾರ್ಥಿಗೆ ನೀರಿನಲ್ಲಿ ಬೆರೆತ ಅಕ್ರಿಲಿಕ್ ಲೇಪವೇ ಲೇಸು. ನೀರು ಆರಿದಂತೆ ಅದರೊಳಗಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಒತ್ತಿ, ಬೆಸೆದು, ಒಂದೇ ಪೊರೆಯಾಗುವುವು. ತೀಕ್ಷ್ಣವಾದ ತಿನ್ನರ್ ಅದರಲ್ಲಿಲ್ಲವಾದುದರಿಂದ ಕೆಳಗಿನ ಬಣ್ಣ ಸುಕ್ಕುಗಟ್ಟುವ ಭಯವೂ ಕಡಿಮೆ. ಅರೆ ಒಣಗಿದ ಎನಾಮೆಲ್ ಬಣ್ಣದ ಮೇಲೆ ತಿನ್ನರ್ ಬಿದ್ದರೆ, ಬಣ್ಣದ ಮೇಲ್ಪದರವು ಉಬ್ಬಿ, ಹಿಗ್ಗಲು ಎಡೆಯಿಲ್ಲದೆ, ಕೆನೆಯಂತೆ ಮಡಿಕೆ ಬೀಳುವುದು.

ತಿನ್ನರಿನ ತುಂತುರು ಲೇಪವನ್ನೇ ಬಳಸುವವರು ಆಷಾಢದ ಮಳೆ ಹಿಡಿದ ದಿನದಲ್ಲಿ ಮಾತ್ರ ಬಳಸಬಾರದು. ದ್ರಾವಕವು ಬೇಗನೆ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಕೊಂಡೊಯ್ಯುವುದು. ತಣ್ಣಗಾದ ಲೇಪದ ಮೇಲೆ ತೇವವುಳ್ಳ ಗಾಳಿಯ ನೀರು ಮಂಜಿನಂತೆ ಕೂರುವುದು; ತಿಳಿಯಾಗಬೇಕಾದುದು ಹಾಲಿನಂತೆ ಬೆಳ್ಳಗಾಗುವುದು. ಯಾವ ಲೇಪವಾದರೂ ತೆಳ್ಳಗೆ ಮೂರು ಸಲ ಹಚ್ಚುವುದು, ದಪ್ಪನಾಗಿ ಒಮ್ಮೆ ಬಳಿಯುವುದಕ್ಕಿಂತ ಮೇಲು. ಬೆರಳಿಗೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ದಿನಗಳೇ ಬೇಕು. ಒಂದಕ್ಕೊಂದು ಜಾರುವ ಭಾಗಗಳಿಗೆ ಲೇಪ ಬೇಡ; ಪ್ರತಿ ಬದಿಯ ಪೊರೆಯೂ ನಡುವಣ ಸಂದನ್ನು ತಿನ್ನುವುದು, ಯಂತ್ರ ಸಿಕ್ಕಿಕೊಳ್ಳುವುದು.

ಮನೆಯಲ್ಲಿ ಬಾಯಿಗೆ ಎಲ್ಲವನ್ನೂ ಒಯ್ಯುವ ಕೂಸಿದ್ದರೆ ಇನ್ನೊಂದು ವಿಚಾರ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ಭಾರತದ ನಿಯಮವು 2016ರದು, ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ಅದನ್ನು ಆಟಿಕೆಗೆ ಬಳಸಬೇಡಿರಿ. ಮೇಲೆ ತಿಳಿಲೇಪವಿದೆಯೆಂಬ ಧೈರ್ಯವೂ ಸಲ್ಲದು, ಏಕೆಂದರೆ ಕಚ್ಚಿದಾಗ ಎರಡೂ ಒಟ್ಟಿಗೆ ಏಳುವುವು. 2021ರ ಜನವರಿಯಿಂದ ಆಟಿಕೆಗಳ ಮೇಲೆ ಕಡ್ಡಾಯವಾದ ಐ.ಎಸ್.ಐ. ಗುರುತು, ಕಾರ್ಖಾನೆಯಿಂದ ಹೊರಟ ಆಟಿಕೆಗೆ ಸಂದದ್ದು. ನೀವು ಹಚ್ಚಿದ ಬಣ್ಣಕ್ಕಲ್ಲ.

ಕೊಳವೆಯ ತುದಿಯ ಕಿತ್ತಳೆ ಬಣ್ಣವನ್ನು ಮಾತ್ರ ಮುಚ್ಚಬೇಡಿರಿ. ಇದು ಆಟಿಕೆಯೆಂದು ದೂರದಿಂದಲೇ ತಿಳಿಯಲೆಂದು ಅಮೆರಿಕದಲ್ಲಿ 1989ರಿಂದ ಇಂಥ ಗುರುತನ್ನು ಕಡ್ಡಾಯ ಮಾಡಿದರು. ಆ ಭಾಗಕ್ಕೆ ತಿಳಿಲೇಪವೊಂದೇ ಸಾಕು.