ಹಾಡು ಕೇಳೋಣ ಬನ್ನಿ

ಅಕ್ಕಾ, ರೊಟ್ಟಿ ತಟ್ಟುತ್ತಾ ರೇಡಿಯೋ ಹಾಡು ಕೇಳ್ತೀರಲ್ಲವೇ? ಕೇಳುವುದೂ ಕಲಿಕೆಯೇ.

ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಗ್ರಾಮಫೋನ್ ಹಾಡು ಕೇಳಿಸಿದರೆ ಸಾಕು, ಓಡಿ ಹೋಗಿ ಕೇಳುತ್ತಿದ್ದರು. ಶಾಲೆ ಓದಿದ್ದು ಐದನೇ ತರಗತಿವರೆಗೆ. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತರು. ದೊಡ್ಡ ಗಾಯಕಿ ಆದರು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಜಾತ್ರೆಯಲ್ಲಿ ಭಜನೆ, ಹಾಡು ಇರುತ್ತವೆ. ಗಂಡಸರು ಕೂತು ಕೇಳ್ತಾರೆ. ನಾವು ಒಲೆ ಮುಂದೆ ಇರ್ತೀವಿ. ಯಾಕೆ? ಮನೆಕೆಲಸ ಎಲ್ಲರೂ ಹಂಚಿಕೊಂಡರೆ ನಾವೂ ಹೋಗಬಹುದು.

ಈಗ ನಿಮಗೆ ಓದು ಬರುತ್ತದೆ. ಜಾತ್ರೆಯ ಕರಪತ್ರ ಓದಿ. ದಿನ, ಹೊತ್ತು ನೋಡಿ. ಮಗಳನ್ನೂ ಕರೆದುಕೊಂಡು ಹೋಗಿ. ಮುಂದೆ ಕೂತು ಕೇಳಿ.

ಮಾತಾಡಿ: ನೀವು ಕೂತು ಹಾಡು ಕೇಳಿದ್ದು ಯಾವಾಗ?