ರಜೆ ಕೇಳಿ ಪಡೆಯಿರಿ, ಸಿಸ್ಟರ್

ಹೊಸದಾಗಿ ಡ್ಯೂಟಿಗೆ ಸೇರಿದ ಹುಡುಗಿಯರು ಕೇಳುತ್ತಾರೆ, ‘ಅಕ್ಕಾ, ಸಾವು ನೋಡಿ ನೋಡಿ ಅಭ್ಯಾಸ ಆಗಿಬಿಡುತ್ತಾ?’ ಅಂತ. ಅಭ್ಯಾಸವಾಯಿತು ಅನ್ನಿಸಿದ ದಿನವೇ ಎಚ್ಚರವಾಗಿ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

2021ರ ಮೇ, ಕೋವಿಡ್‌ನ ಎರಡನೇ ಅಲೆ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂದಾಗಿನಿಂದ ಕನಕಪುರ ಭಾಗದ ನಮ್ಮ ವಾರ್ಡಿನಲ್ಲೂ ಎಲ್ಲರ ಕಣ್ಣು ಸಿಲಿಂಡರಿನ ಮುಳ್ಳಿನ ಮೇಲೆಯೇ. ಜಂಬೋ ಸಿಲಿಂಡರಿನಲ್ಲಿ ಇರುವುದು ಸುಮಾರು 7,000 ಲೀಟರ್. ನಿಮಿಷಕ್ಕೆ 15 ಲೀಟರ್ ಬೇಕಾದ ರೋಗಿ ಒಬ್ಬರಿಗೇ ಅದು ಎಂಟು ಗಂಟೆ ಬರುವುದಿಲ್ಲ.

ಒಂದು ರಾತ್ರಿ ಸಾತನೂರು ಕಡೆಯ ಅಜ್ಜಿಯ ಸ್ಯಾಚುರೇಶನ್ 80ಕ್ಕಿಂತ ಕೆಳಗಿಳಿಯಿತು. ಬೋರಲು ಮಲಗಿಸಿದೆ. ಸಿಲಿಂಡರ್ ಬದಲಿಸಬೇಕು, ಜೊತೆಗೆ ಯಾರೂ ಇಲ್ಲ. ಎರಡೆರಡು ಗ್ಲೌಸ್ ಹಾಕಿದ ಕೈಯಲ್ಲಿ ಸ್ಪ್ಯಾನರ್ ಜಾರುತ್ತಿತ್ತು. ಫೇಸ್ ಶೀಲ್ಡ್ ಮಬ್ಬಾಗಿ ಮುಳ್ಳು ಕಾಣಿಸಲಿಲ್ಲ. ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುವ ಸದ್ದು ಕೇಳಿದ ಮೇಲೆಯೇ ಆಕ್ಸಿಜನ್ ಹರಿಯುತ್ತಿದೆ ಎಂದು ಧೈರ್ಯ ಬಂತು. ‘ಉಸ್ರು ಬತ್ತಿಲ್ಲ ಕಣವ್ವ, ಹೋಗ್ಬೇಡ’ ಎಂದು ಅಜ್ಜಿ ನನ್ನ ಗೌನ್ ಹಿಡಿದುಕೊಂಡರು. ಅಷ್ಟರಲ್ಲಿ ಆಚೆ ಬೆಡ್ಡಿನವರು ಮಾಸ್ಕ್ ಕಿತ್ತೆಸೆದಿದ್ದರು. ಅಜ್ಜಿಯ ಬೆರಳು ಬಿಡಿಸಿಕೊಂಡು ಅತ್ತ ಓಡಿದೆ. ತಿರುಗಿ ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು. ಗೇಟಿನಾಚೆ ಕಾಯುತ್ತಿದ್ದ ಮಗನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, ‘ಅವ್ವಂಗೆ ಬೆಳಗ್ಗೆ ಕಾಫಿ ತರ್ಲಾ ಸಿಸ್ಟರ್?’ ಎಂದ.

ಅವತ್ತು ಅತ್ತುಬಿಟ್ಟೆ. ಅಳು ನಿಂತದ್ದು ಆಮೇಲೆ. ಅಲೆ ಇಳಿದ ಮೇಲೆ ಬೈಕ್ ಅಪಘಾತದಲ್ಲಿ ಹೋದ ಹುಡುಗನೊಬ್ಬನ ತಾಯಿ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದರೆ, ‘ವಯಸ್ಸು ಎಷ್ಟಮ್ಮ?’ ಎಂದು ಕೇಳಿ ಕೇಸ್ ಶೀಟ್ ತುಂಬಿಸುತ್ತಿದ್ದೆ. ಒಳಗೆ ಏನೂ ಅಲುಗಲಿಲ್ಲ. ಮನೆಯಲ್ಲಿ ಮಗಳಿಗೆ ಜ್ವರ ಬಂದರೂ ಸಿಡುಕು.

ಇದು ನನ್ನ ಗುಣದ ದೋಷವಲ್ಲ, ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಬರ್ನ್‌ಔಟ್ ಎಂಬುದು ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದಿದೆ. ರಜೆ ಕೇಳಿದಾಗಲೆಲ್ಲ ‘ಸೇವೆಗೆ ಬಂದವರು ರಜೆ ಲೆಕ್ಕ ಹಾಕಬಾರದು’ ಎಂದು ಅರ್ಜಿ ಪಕ್ಕಕ್ಕೆ ಸರಿಸಿದ ಮೇಲಧಿಕಾರಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಮಗೆ ಗೌರವ ಎಂದು 2020ರ ಮೇ 3ರಂದು ದೇಶದ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಸಿದರು. ಚಾಮರಾಜನಗರದ ಸುದ್ದಿ ಬಂದದ್ದು ಸರಿಯಾಗಿ ಮರುವರ್ಷ ಅದೇ ದಿನ. ಹೂವಿನ ಬದಲು, ಅಜ್ಜಿ ಹೋದ ರಾತ್ರಿ ನನ್ನ ಜೊತೆ ಇನ್ನೊಬ್ಬ ನರ್ಸ್ ಇದ್ದಿದ್ದರೆ ಅವರ ಬೆರಳು ಬಿಡಿಸಿಕೊಳ್ಳುವ ಗತಿ ಬರುತ್ತಿರಲಿಲ್ಲ.

ಆದ್ದರಿಂದ ತಂಗಿಯರೇ, ರಜೆಯನ್ನು ಬಾಯಲ್ಲಿ ಕೇಳಬೇಡಿ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಡಬಲ್ ಡ್ಯೂಟಿ ಮಾಡಿದರೆ ರಿಜಿಸ್ಟರಿನಲ್ಲಿ ಬರೆಸಿ. ವಾರ್ಡಿನಲ್ಲಿ ಸಾವಾದ ದಿನ ಹ್ಯಾಂಡೋವರ್ ಮುಗಿಸಿ ಜೊತೆಯವರ ಹತ್ತಿರ ಮಾತಾಡಿಯೇ ಮನೆಗೆ ಹೊರಡಿ. ನಿದ್ದೆ ಹತ್ತದಿದ್ದರೆ, ಯಾರ ಮೇಲೂ ಮರುಕ ಹುಟ್ಟದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನಾನೂ ಮಾಡಿದ್ದೆ, ನರ್ಸ್ ಆಗಿ ಉಳಿದಿದ್ದೇನೆ.

ಮನೆಯವರಿಗೂ ಒಂದು ಮಾತು. ನೈಟ್ ಡ್ಯೂಟಿ ಮುಗಿಸಿ ಬಂದವಳನ್ನು ‘ತಿಂಡಿ ಏನು?’ ಎಂದು ಕೇಳಬೇಡಿ. ಮೊದಲು ಮಲಗಲು ಬಿಡಿ.